ಲೆನರ್ಡ್ ಚೆಷೈರರ ಜೀವಚರಿತ್ರೆ

ಕಡೂರು, ತರೀಕೆರೆ, ಅಜ್ಜಂಪುರ ಈ ಮೂರು ಊರುಗಳಿಂದಲೂ ಸುತ್ತಲಿನ ಹಳ್ಳಿಗಳಿಂದಲೂ ಬಂದು ನಮ್ಮ ಪಾಠಶಾಲೆಯಲ್ಲಿ ಓದಿಹೋದ ಹೆಣ್ಣುಮಕ್ಕಳಲ್ಲಿ ಕೆಲವರು ದಾದಿಯರಾಗಿರುವರು, ಹೆಚ್ಚಿನವರು ಗೃಹಿಣಿಯರಾಗಿರುವರು. ದಾದಿಯಾದವಳು ಸಂಬಳ ಪಡೆದು ಮಾಡುವ ಕೆಲಸವನ್ನೇ ಗೃಹಿಣಿಯಾದವಳು ಸಂಬಳವಿಲ್ಲದೆ ಮಾಡುವಳೆಂಬುದು ತಂದೆತಾಯಿಗಳಿಗೆ ತಿಳಿಯದ ವಿಷಯವಲ್ಲ. ಪಾರ್ಶ್ವವಾಯು ಬಡಿದ ಮಾವ, ಹಾಸಿಗೆ ಹಿಡಿದ ಅತ್ತೆ, ಹುಟ್ಟಿದಂದಿನಿಂದ ಕಾಲೂರಲಾರದ ಮಗು, ಇವರಲ್ಲೊಬ್ಬರು ನಡುಮನೆಯ ಮೂಲೆಯಲ್ಲಿ ಇಲ್ಲದ ಬೀದಿ ನಮ್ಮ ಸೀಮೆಯಲ್ಲಿ ಅಪರೂಪವೇ ಸರಿ. ಇಂಥ ಶುಶ್ರೂಷೆಗೆ ಹೆಸರೂ ಇಲ್ಲ, ಬಿರುದೂ ಇಲ್ಲ. ಬಿರುದುಗಳೆಲ್ಲವನ್ನೂ ಪಡೆದ ಬಳಿಕ ಈ ಹೆಸರಿಲ್ಲದ ಕೆಲಸಕ್ಕೆ ಕೈಯಿಟ್ಟ ಯೋಧರೊಬ್ಬರ ಚರಿತ್ರೆಯನ್ನು ಆದಕಾರಣ ಇಲ್ಲಿ ಬರೆಯುತ್ತೇವೆ. ಬೆಂಗಳೂರಿನಲ್ಲಿಯೂ ಕೊಡಗಿನಲ್ಲಿಯೂ ಚೆಷೈರ್ ಹೋಮ್ ಎಂಬ ಫಲಕವನ್ನು ನೋಡಿದವರು ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಇರಬಹುದು. ಆ ಹೆಸರು ಯಾರದೆಂದು ಕೇಳಿದರೆ ಹೇಳಬಲ್ಲವರು ಕಡಮೆ.

ಜಾಫ್ರೀ ಲೆನರ್ಡ್ ಚೆಷೈರರು ೧೯೧೭ನೆಯ ಇಸವಿ ಸೆಪ್ಟೆಂಬರು ೭ನೆಯ ತಾರೀಖು ಇಂಗ್ಲೆಂಡಿನ ಚೆಸ್ಟರ್ ಪಟ್ಟಣದಲ್ಲಿ ಜನಿಸಿದರು. ತಂದೆಯವರು ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ನ್ಯಾಯಶಾಸ್ತ್ರದ ಹೆಸರಾಂತ ಅಧ್ಯಾಪಕರು. ಅವರು ಬರೆದ ಪುಸ್ತಕಗಳನ್ನು ನಮ್ಮ ದೇಶದ ವಕೀಲರೂ ಓದಿರುವರು. ಮಗನು ಅದೇ ವಿಶ್ವವಿದ್ಯಾನಿಲಯದ ಮರ್ಟನ್ ಕಾಲೇಜಿನಲ್ಲಿ ಅದೇ ಶಾಸ್ತ್ರವನ್ನು ಓದಿ, ೧೯೩೯ರಲ್ಲಿ ಎರಡನೆಯ ತರಗತಿಯಲ್ಲಿ ತೇರ್ಗಡೆ ಹೊಂದಿದನು. ಓದಿಗಿಂತ ವೇಗವಾದ ಮೋಟಾರು ಗಾಡಿಗಳಲ್ಲಿ ಈತನಿಗೆ ಆಸಕ್ತಿ ಹೆಚ್ಚು; ಕೈಯಲ್ಲಿ ಹಣ ನಿಲ್ಲುತ್ತಿರಲಿಲ್ಲ, ಸಾಲ ನಿಲ್ಲುತ್ತಿತ್ತು. ಮಕ್ಕಳ ನಡತೆಯನ್ನು ಹದಿನೆಂಟನೆಯ ವಯಸ್ಸಿನಲ್ಲಿಯೇ ತೂಗಿ ಬೆಲೆ ಕಟ್ಟುವ ತಂದೆತಾಯಿಗಳು ಇದನ್ನು ಸ್ವಲ್ಪ ಗಮನಿಸಬೇಕೆಂದು ಕೋರುತ್ತೇವೆ. ೧೯೩೬ರಲ್ಲಿ ಈ ತರುಣನು ಜರ್ಮನಿಯ ಪಾಟ್ಸ್‌ಡಾಮಿನಲ್ಲಿ ಫಾನ್ ರಾಯ್ಟರ್ ಎಂಬ ನೌಕಾಧಿಪತಿಯ ಮನೆಯಲ್ಲಿ ಕೆಲವು ಕಾಲ ತಂಗಿದ್ದನು. ಮೊದಲನೆಯ ಮಹಾಯುದ್ಧದ ತರುವಾಯ ತನ್ನ ನೌಕಾಬಲವನ್ನು ಶತ್ರುವಿಗೊಪ್ಪಿಸದೆ ಸ್ಕಾಪಾ ಫ್ಲೋ ಎಂಬಲ್ಲಿ ತಾನೇ ಮುಳುಗಿಸಿದವನು ಆ ಅಧಿಪತಿ. ಯುದ್ಧವು ಮತ್ತೆ ಬರುವುದೆಂಬುದು ಆ ಮನೆಯಲ್ಲಿ ಗುಟ್ಟಾಗಿರಲಿಲ್ಲ.

ವಿಶ್ವವಿದ್ಯಾನಿಲಯದ ವಿಮಾನದಳದಲ್ಲಿ ಹಾರಾಟವನ್ನು ಕಲಿತಿದ್ದ ಚೆಷೈರರು ೧೯೪೦ರ ಜೂನ್ ತಿಂಗಳಲ್ಲಿ ಬಾಂಬು ವಿಮಾನಗಳ ೧೦೨ನೆಯ ದಳವನ್ನು ಸೇರಿದರು. ಅದೇ ವರ್ಷ ನವೆಂಬರು ತಿಂಗಳ ಒಂದು ರಾತ್ರಿ ಜರ್ಮನಿಯ ಕೊಲೋನ್ ಪ್ರಾಂತದ ಮೇಲೆ ಹಾರುತ್ತಿರುವಾಗ ಶತ್ರುವಿನ ಗುಂಡು ವಿಮಾನದೊಳಗೇ ಸಿಡಿಯಿತು. ಒಂದು ಪಕ್ಕವೇ ಹರಿದುಹೋಯಿತು, ಬೆಂಕಿ ಹತ್ತಿತು, ತಂತಿವಾರ್ತೆಯ ಕೆಲಸದ ಹುಡುಗನು ಭಯಂಕರವಾಗಿ ಸುಟ್ಟುಹೋದನು. ಅಂಥ ವಿಮಾನವನ್ನು ಗಂಟೆಗಟ್ಟಲೆ ನಡೆಸಿ ಎಲ್ಲರನ್ನೂ ಜೀವಸಹಿತ ತಾಯ್ನಾಡಿಗೆ ತಂದಿಳಿಸಿದುದಕ್ಕಾಗಿ ಇವರಿಗೆ ಮೊದಲ ದೊಡ್ಡ ಪದಕವು ದೊರೆಯಿತು. ಮುಂದಿನ ವರ್ಷ ಇವರ ತಮ್ಮನೂ ವಿಮಾನದೊಡನೆ ಶತ್ರುದೇಶದಲ್ಲಿ ಬಿದ್ದು ಸೆರೆಯಾದನು. ಇಂಗ್ಲೆಂಡಿನ ಬಾಂಬು ವಿಮಾನಗಳಲ್ಲಿ ಆ ಯುದ್ಧಕಾಲದಲ್ಲಿ ಹಾರಿದವರು ಸುಮಾರು ೧,೨೫,೦೦೦ ಮಂದಿ. ಅವರಲ್ಲಿ ೫೫,೦೦೦ಕ್ಕೂ ಮಿಕ್ಕಿ ಜನರು ಸತ್ತರು. ಈ ಲೆಕ್ಕವನ್ನು ನೋಡಿದರೆ ಚೆಷೈರರು ಎಪ್ಪತ್ತನಾಲ್ಕು ವರ್ಷ ಬಾಳಿದುದೇ ಒಂದು ವಿಶೇಷವೆನ್ನಬೇಕು.

೧೯೪೩ರಲ್ಲಿ, ಇನ್ನೂ ಇಪ್ಪತ್ತೈದು ವಯಸ್ಸಿನಲ್ಲಿಯೇ, ಇವರನ್ನು ಗ್ರೂಪ್ ಕ್ಯಾಪ್ಟನ್ ಪದವಿಗೇರಿಸಿದರು. ಮೇಜಿನ ಮುಂದೆ ಕುಳಿತು ಬೇರೆಯವರನ್ನು ಸಾವಿಗೆ ಕಳುಹಿಸುವ ಕೆಲಸವು ಇವರಿಗೆ ಹಿಡಿಸಲಿಲ್ಲ. ತಾವೇ ಕೇಳಿಕೊಂಡು ಒಂದು ಮೆಟ್ಟಿಲು ಕೆಳಗಿಳಿದು, ಆಣೆಕಟ್ಟುಗಳನ್ನೊಡೆದು ಪ್ರಸಿದ್ಧವಾಗಿದ್ದ ೬೧೭ನೆಯ ದಳದ ನಾಯಕತ್ವವನ್ನು ವಹಿಸಿದರು. ಕೇಳಿಕೊಂಡು ಮೇಲೇರಿದವರ ಕಥೆಗಳು ನಮಗೆ ಬೇಕಾದಷ್ಟು ಗೊತ್ತು. ಕೇಳಿಕೊಂಡು ಕೆಳಗಿಳಿದವರದು ಇದೊಂದು.

ಈ ದಳದಲ್ಲಿ ಇವರು ನಡೆಸಿದ ಕಾರ್ಯಗಳಲ್ಲಿ ೧೯೪೪ರ ಫೆಬ್ರವರಿಯ ಒಂದನ್ನು ಮಾತ್ರ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇವೆ. ಫ್ರಾನ್ಸಿನ ಲಿಮೋಜ್ ಪಟ್ಟಣದಲ್ಲಿ ವಿಮಾನಗಳ ಯಂತ್ರಗಳನ್ನು ತಯಾರಿಸುವ ಒಂದು ಕಾರ್ಖಾನೆಯಿತ್ತು. ಫ್ರಾನ್ಸ್ ದೇಶವು ಜರ್ಮನರ ವಶದಲ್ಲಿದ್ದುದರಿಂದ ಕಾರ್ಖಾನೆಯೂ ಅವರಿಗಾಗಿಯೇ ದುಡಿಯುತ್ತಿತ್ತು. ಆದರೆ ರಾತ್ರಿಯ ಪಾಳಿಯಲ್ಲಿ ಅಲ್ಲಿ ಕೆಲಸ ಮಾಡುತ್ತಿದ್ದವರು ಬಡ ಫ್ರೆಂಚ್ ಹೆಂಗಸರು. ಮನೆಯಲ್ಲಿ ಮಕ್ಕಳನ್ನು ಮಲಗಿಸಿ ಬಂದವರೂ ಅವರಲ್ಲಿ ಇದ್ದಿರಲೇಬೇಕು. ಕಾರ್ಖಾನೆಯನ್ನು ನಾಶಮಾಡಬೇಕೆಂದು ಅಪ್ಪಣೆಯಾಯಿತು. ಚೆಷೈರರು ತಮ್ಮ ದಳವನ್ನು ಮೇಲೆ ಎತ್ತರದಲ್ಲಿ ಕಾಯಿಸಿ, ತಾವೊಬ್ಬರೇ ಬೆಳದಿಂಗಳಿನಲ್ಲಿ ಕಾರ್ಖಾನೆಯ ಸೂರಿಗೆ ತಾಗುವಷ್ಟು ಕೆಳಗಿಳಿದು ಅಬ್ಬರದಿಂದ ಹಾರಿದರು. ಒಂದು ಸಲವಲ್ಲ, ಮೂರು ಸಲ. ಶತ್ರುವಿಗೆ ಮುನ್ಸೂಚನೆ ಕೊಟ್ಟಂತಾಗುವುದೆಂಬುದನ್ನು ಇವರು ಅರಿಯದವರಲ್ಲ. ಹೆಂಗಸರು ಬಾಗಿಲುಗಳಿಂದ ಹೊರಗೋಡುವಷ್ಟು ಕಾಲವನ್ನು ಕೊಟ್ಟ ಮೇಲೆಯೇ ಗುರುತಿನ ದೀಪಗಳನ್ನು ಚಾವಣಿಯ ಮೇಲೆ ಹಾಕಿದರು. ಬಳಿಕ ಬಾಂಬುಗಳು ಬಿದ್ದು ಕಾರ್ಖಾನೆಯು ನೆಲಸಮವಾಯಿತು. ಯುದ್ಧದಲ್ಲಿ ದಯೆಗೆ ಎಡೆಯೆಲ್ಲಿ ಎಂದು ಕೇಳುವವರಿಗೆ ಈ ಮೂರು ಸುತ್ತುಗಳನ್ನು ತೋರಿಸಬಹುದು. ಆದರೆ ಅದೇ ವರ್ಷಗಳಲ್ಲಿ ಜರ್ಮನಿಯ ಪಟ್ಟಣಗಳ ಮೇಲೆ ಹಾರಿದಾಗ ಕೆಳಗಿದ್ದ ಹೆಂಗಸರಿಗೆ ಹೀಗೆ ಎಚ್ಚರಿಕೆಯು ಸಿಕ್ಕಲಿಲ್ಲವೆಂಬುದನ್ನೂ ಹೇಳದಿದ್ದರೆ ಚರಿತ್ರೆಯು ಅರ್ಧವೇ ಆಗುವುದು.

೧೯೪೪ರ ಜುಲೈ ತಿಂಗಳ ಹೊತ್ತಿಗೆ ಇವರ ನೂರು ಹಾರಾಟಗಳು ಪೂರ್ತಿಯಾದವು. ಸೆಪ್ಟೆಂಬರಿನಲ್ಲಿ ವಿಕ್ಟೋರಿಯಾ ಕ್ರಾಸ್ ಪದಕವನ್ನು ಪ್ರಕಟಿಸಿದರು. ಆ ಪದಕವು ಸಾಮಾನ್ಯವಾಗಿ ಒಂದು ಕ್ಷಣದ ಅಸಾಧಾರಣ ಸಾಹಸಕ್ಕೆ ಸಲ್ಲುವುದು. ಇವರಿಗಾದರೋ ನಾಲ್ಕು ವರ್ಷಗಳ ನಿರಂತರ ಧೈರ್ಯಕ್ಕಾಗಿ ಸಂದಿತು. ತರುವಾಯ ಇವರನ್ನು ನಮ್ಮ ದೇಶದ ಕಲ್ಕತ್ತೆಗೂ ಅಲ್ಲಿಂದ ಅಮೆರಿಕೆಯ ವಾಷಿಂಗ್ಟನ್ನಿಗೂ ಕಳುಹಿಸಿದರು.

೧೯೪೫ರ ಆಗಸ್ಟ್ ೯ನೆಯ ತಾರೀಖು ಜಪಾನಿನ ನಾಗಸಾಕಿಯ ಮೇಲೆ ಪರಮಾಣು ಬಾಂಬು ಬಿದ್ದಾಗ, ಬ್ರಿಟಿಷ್ ಸರ್ಕಾರದ ಪರವಾಗಿ ನೋಡಿ ವರದಿ ಮಾಡಲು ನೇಮಿತರಾಗಿದ್ದ ಇಬ್ಬರಲ್ಲಿ ಚೆಷೈರರೊಬ್ಬರು. ಮತ್ತೊಬ್ಬರು ವಿಲಿಯಂ ಪೆನಿ ಎಂಬ ವಿಜ್ಞಾನಿ. ಇವರಿದ್ದ ವಿಮಾನವು ಜೊತೆಯ ವಿಮಾನಗಳಿಂದ ಅಗಲಿಹೋಗಿದ್ದ ಕಾರಣ ಬಹುದೂರದಿಂದಲೇ ಆ ಬೆಳಕನ್ನೂ ಮೇಲೆದ್ದ ಮುಗಿಲನ್ನೂ ಕಂಡರು. ಆ ಮುಗಿಲಿನ ಕೆಳಗೆ ಹತ್ತಾರು ಸಾವಿರ ಜನರು ಸತ್ತಿದ್ದರು. ಜಪಾನಿನ ಕಥೋಲಿಕರು ಅತಿ ಹೆಚ್ಚಾಗಿ ವಾಸವಾಗಿದ್ದ ಪಟ್ಟಣವೂ ಅದೇ. ಅಂದು ಚೆಷೈರರು ಕಥೋಲಿಕರಲ್ಲ. ಯಾವ ಮತದಲ್ಲಿಯೂ ಗಟ್ಟಿಯಾದ ನಂಬಿಕೆಯುಳ್ಳವರಲ್ಲ.

ಅಜ್ಜಂಪುರದ ಅಮೃತಮಹಲ್ ತಳಿಯ ಎತ್ತುಗಳು ಹೈದರ್ ಟಿಪ್ಪು ಇವರ ಕಾಲದಲ್ಲಿ ದಂಡಿನ ತೋಪುಗಳನ್ನೆಳೆದುವೆಂದೂ, ದಂಡು ಚದರಿದ ಮೇಲೆ ರೈತನ ನೊಗಕ್ಕೆ ಹೆಗಲು ಕೊಟ್ಟುವೆಂದೂ ನಮ್ಮವರಿಗೆಲ್ಲ ತಿಳಿದಿದೆ. ಎತ್ತಿಗೆ ಸುಲಭವಾದ ಈ ಬದಲಾವಣೆಯು ಮನುಷ್ಯನಿಗೆ ಸುಲಭವಲ್ಲ. ೧೯೪೬ರ ಆರಂಭದಲ್ಲಿ ಚೆಷೈರರು ವಿಮಾನದಳವನ್ನು ಬಿಟ್ಟಾಗ ಮೈಯೂ ಮನಸ್ಸೂ ಜರ್ಜರಿತವಾಗಿದ್ದುವು. ಯುದ್ಧಕಾಲದಲ್ಲಿ ಒಬ್ಬ ಅಮೆರಿಕನ್ ನಟಿಯೊಡನೆ ಮಾಡಿಕೊಂಡಿದ್ದ ವಿವಾಹವು ಮುರಿಯುತ್ತಲಿತ್ತು. ದಂಡಿನಿಂದ ಬಿಡುಗಡೆಯಾದ ಗಂಡಸರೂ ಹೆಂಗಸರೂ ಕೂಡಿ ದುಡಿದು ಕೂಡಿ ಉಣ್ಣುವ ಒಂದು ವಸಾಹತನ್ನು ಸ್ಥಾಪಿಸಿದರು. ಹ್ಯಾಂಪ್‌ಷೈರಿನ ಲ ಕೋರ್ಟ್ ಎಂಬ ದೊಡ್ಡ ಬಂಗಲೆಯನ್ನು ಇದಕ್ಕಾಗಿ ಸಂಬಂಧಿಕರಿಂದ ಪಡೆದರು. ಉದ್ದೇಶವು ಚೆನ್ನಾಗಿತ್ತು, ಲೆಕ್ಕವು ಚೆನ್ನಾಗಿರಲಿಲ್ಲ. ಜಗಳಗಳು ಎದ್ದವು, ಸಾಲವು ಏರಿತು, ಒಬ್ಬೊಬ್ಬರಾಗಿ ಎಲ್ಲರೂ ಹೊರಟುಹೋದರು. ೧೯೪೮ರಲ್ಲಿ ಮೂವತ್ತು ವಯಸ್ಸಿನ ಚೆಷೈರರ ಕೈಯಲ್ಲಿ ಉಳಿದುದು ಆ ಬರಿದಾದ ಬಂಗಲೆಯೂ ಅದರ ಮೇಲಿನ ಋಣವೂ ಮಾತ್ರ.

ಆಗ ಒಂದು ಆಸ್ಪತ್ರೆಯವರಿಂದ ಸಮಾಚಾರ ಬಂದಿತು. ಆರ್ಥರ್ ಡೈಕ್ಸ್ ಎಂಬವನು ಅರ್ಬುದರೋಗದಿಂದ ಸಾಯುತ್ತಿದ್ದಾನೆ. ಮಾಡುವ ಚಿಕಿತ್ಸೆ ಇನ್ನೇನೂ ಇಲ್ಲ. ಹಾಸಿಗೆಯು ಬೇರೆ ರೋಗಿಗಳಿಗೆ ಬೇಕಾಗಿದೆ. ಹೋಗಲು ಅವನಿಗೆ ಸ್ಥಳವಿಲ್ಲ. ಡೈಕ್ಸನು ಹಿಂದೆ ವಿಮಾನದಳದಲ್ಲಿದ್ದು ಈ ವಸಾಹತಿನಲ್ಲಿಯೂ ಇದ್ದು ಹೋದವನು. ಚೆಷೈರರು ಅವನಿಗಾಗಿ ಅಲ್ಲಿ ಇಲ್ಲಿ ಸ್ಥಳವನ್ನು ವಿಚಾರಿಸಿದರು. ಸಾಯುವವನನ್ನು ಇಟ್ಟುಕೊಳ್ಳಲು ಯಾರೂ ಒಪ್ಪಲಿಲ್ಲ. ಕೊನೆಗೆ ತಾವೇ ಅವನನ್ನು ಬಂಗಲೆಗೆ ಕರೆತಂದರು. ನಮ್ಮ ದಾದಿಯರಾದ ವಿದ್ಯಾರ್ಥಿನಿಯರು ಈ ದೃಶ್ಯವನ್ನು ಮನಸ್ಸಿಗೆ ತಂದುಕೊಳ್ಳಬೇಕು. ರೋಗಿಯನ್ನು ಮಗ್ಗುಲಾಗಿಸುವುದು ಹೇಗೆ, ಹಾಸಿಗೆಹುಣ್ಣಾಗದಂತೆ ನೋಡಿಕೊಳ್ಳುವುದು ಹೇಗೆ, ಮಲಪಾತ್ರೆಯನ್ನಿಡುವುದು ಹೇಗೆ, ಇದಾವುದೂ ಅರಿಯದ ಮನುಷ್ಯನು. ದೇಶದ ಅತ್ಯುಚ್ಚ ಪದಕವನ್ನು ಎದೆಯ ಮೇಲೆ ಧರಿಸಿದವನು. ಗಂಜಿ ಕಾಯಿಸಿ, ಬಟ್ಟೆ ಒಗೆದು, ರಾತ್ರಿ ರೋಗಿಯು ಕರೆದರೆ ಕೇಳಿಸಲೆಂದು ಹತ್ತಿರವೇ ಮಲಗಿ, ದಿನದಿನಕ್ಕೂ ಈ ವಿದ್ಯೆಯನ್ನು ತಾನೇ ಕಲಿತನು. ಆಕಾಶದಲ್ಲಿ ನೂರು ರಾತ್ರಿಗಳನ್ನು ಕಳೆದವರಿಗೆ ಈ ಒಂದು ಹಾಸಿಗೆಯ ಪಕ್ಕದ ರಾತ್ರಿಗಳು ಹೆಚ್ಚು ಕಷ್ಟವಾಗಿರಬೇಕೆಂದು ನಾವು ಎಣಿಸುತ್ತೇವೆ. ಏಕೆಂದರೆ ಅಲ್ಲಿ ಬಂದು ಹೋಗುವ ಅಪಾಯವಿತ್ತು, ಇಲ್ಲಿ ಕದಲದೆ ಕುಳಿತ ಸಾವಿತ್ತು.

ಡೈಕ್ಸನು ಹುಟ್ಟಿನಿಂದ ಕಥೋಲಿಕನಾದರೂ ಮತಾಚಾರವನ್ನು ಬಿಟ್ಟಿದ್ದವನು. ಕೊನೆಯ ದಿನಗಳಲ್ಲಿ ಮತ್ತೆ ಅದಕ್ಕೆ ಹಿಂದಿರುಗಿದನು. ೧೯೪೮ರ ಆಗಸ್ಟ್ ತಿಂಗಳಲ್ಲಿ ಅವನು ಶಾಂತನಾಗಿ ಕಣ್ಮುಚ್ಚಿದನು. ಯಾವುದೋ ಮಾತುಕತೆಯಲ್ಲಿ ಹಿಂದೆ ಚೆಷೈರರು ದೇವರೆಂಬುದು ಮನಸ್ಸಾಕ್ಷಿಗಿಟ್ಟ ಹೆಸರೆಂದು ಲಘುವಾಗಿ ಹೇಳಿದಾಗ, ಪರಿಚಿತಳಾದ ಒಬ್ಬ ಸ್ತ್ರೀಯು ಅದನ್ನು ಖಂಡಿಸಿ, ದೇವರು ಬಲ್ಲವನೂ ಬಲ್ಲಬಹುದಾದವನೂ ಆದ ಒಬ್ಬ ವ್ಯಕ್ತಿಯೆಂದು ನುಡಿದಿದ್ದಳು. ಆ ನುಡಿಯು ಎದೆಯಲ್ಲಿ ನಾಟಿಕೊಂಡಿತ್ತು. ಡೈಕ್ಸನ ಮರಣದ ರಾತ್ರಿ ಶವದ ಬಳಿ ಎಚ್ಚರವಿದ್ದು, ಆಂಗ್ಲಿಕನ್ ಗುರುವಾಗಿದ್ದು ಕಥೋಲಿಕನಾದ ವರ್ನನ್ ಜಾನ್ಸನ್ ಎಂಬವರ ಪುಸ್ತಕವನ್ನು ಓದಿದರು. ಅದೇ ವರ್ಷ ಕ್ರಿಸ್ಮಸ್ಸಿನ ಹಿಂದಿನ ದಿನ ಚೆಷೈರರು ಕಥೋಲಿಕ ಸಭೆಯಲ್ಲಿ ಸ್ವೀಕೃತರಾದರು.

ಅಷ್ಟರಲ್ಲಿ ಆ ಬಂಗಲೆಯು ಮತ್ತೆ ಬರಿದಾಗಿ ಉಳಿದಿರಲಿಲ್ಲ. ಆಸ್ಪತ್ರೆಯ ಆಳೊಬ್ಬನ ಮನೆಯ, ತೊಂಬತ್ತು ದಾಟಿ ಹಾಸಿಗೆ ಹಿಡಿದ ಮುದುಕಿಯೊಬ್ಬಳಿಗೆ ಎಡೆ ಬೇಕಾಯಿತು, ಆಕೆ ಬಂದಳು. ಕ್ಷಯರೋಗಿಗಳು ಬಂದರು, ಅಂಗವಿಕಲರು ಬಂದರು, ಕೆಲಸಕ್ಕೆ ತಾವಾಗಿ ಒದಗಿದ ನೆರೆಹೊರೆಯವರೂ ಬಂದರು. ಇಷ್ಟು ಮಂದಿಗೆಂದು ಯೋಜನೆಯಿರಲಿಲ್ಲ, ಮೂಲಧನವಿರಲಿಲ್ಲ. ಇಲ್ಲವೆನ್ನುವ ಧೈರ್ಯ ಮಾತ್ರ ಚೆಷೈರರಿಗೆ ಇರಲಿಲ್ಲವೆಂದು ಕಾಣುತ್ತದೆ. ೧೯೫೧ರಲ್ಲಿ ಕಾರ್ನ್‌ವಾಲ್ ಪ್ರಾಂತದಲ್ಲಿ, ಯುದ್ಧ ಮುಗಿದ ಮೇಲೆ ಪಾಳುಬಿದ್ದಿದ್ದ ವಿಮಾನನೆಲೆಯೊಂದರ ಬಳಿ, ಎರಡನೆಯ ಆಶ್ರಯಗೃಹವು ಹುಟ್ಟಿತು.

೧೯೫೨ರಲ್ಲಿ ಕ್ಷಯರೋಗವು ಇವರನ್ನೇ ಹಿಡಿಯಿತು. ಮಿಡ್‌ಹರ್ಸ್ಟಿನ ಆರೋಗ್ಯಧಾಮದಲ್ಲಿ ಎರಡು ವರ್ಷಗಳಿಗೂ ಮೇಲ್ಪಟ್ಟು ಮಲಗಿದ್ದು, ಹಲವು ಸಲ ಶಸ್ತ್ರಚಿಕಿತ್ಸೆಗೆ ಒಳಗಾದರು. ರೋಗಿಯನ್ನು ನೋಡಿಕೊಳ್ಳುವವನ ಕಷ್ಟವನ್ನು ಬಲ್ಲವರು ಈಗ ನೋಡಿಸಿಕೊಳ್ಳುವವನ ಕಷ್ಟವನ್ನೂ ಬಲ್ಲವರಾದರು. ಹಾಸಿಗೆಯಿಂದಲೇ ಕಾಗದ ಬರೆದು ಗೃಹಗಳನ್ನು ನಡೆಸಿದರು. ಇಟಲಿಯ ಟ್ಯೂರಿನ್ ಪಟ್ಟಣದಲ್ಲಿರುವ, ಯೇಸುಸ್ವಾಮಿಯವರ ಶರೀರಕ್ಕೆ ಹೊದಿಸಿದುದೆಂದು ಭಕ್ತರು ನಂಬುವ ಶವವಸ್ತ್ರದ ಮುಖಚಿತ್ರದಲ್ಲಿ ಇವರಿಗೆ ಅಪಾರವಾದ ಭಕ್ತಿಯು ಬೆಳೆಯಿತು. ೧೯೫೫ರಲ್ಲಿ ನಡೆಯಲಾರದ ಒಬ್ಬ ಹುಡುಗಿಯನ್ನು ಜೊತೆಯಲ್ಲಿ ಕರೆದುಕೊಂಡು ಆ ವಸ್ತ್ರದ ದರ್ಶನಕ್ಕೆ ಹೋದರು. ಆ ವಸ್ತ್ರವು ಮಧ್ಯಯುಗದ್ದೆಂದು ೧೯೮೮ರ ಪರೀಕ್ಷೆಗಳಲ್ಲಿ ವಿಜ್ಞಾನಿಗಳು ನಿರ್ಣಯಿಸಿದರು. ಚೆಷೈರರ ಭಕ್ತಿಯು ಅದರಿಂದ ಕುಗ್ಗಲಿಲ್ಲ.

ಭರತಖಂಡಕ್ಕೆ ಇವರು ಮತ್ತೆ ಬಂದುದು ೧೯೫೫ರ ಕೊನೆಯಲ್ಲಿ, ಒಂದು ಶ್ವಾಸಕೋಶದ ಬಲವಷ್ಟೇ ಉಳಿದಿದ್ದ ದೇಹದಲ್ಲಿ. ಇಂಗ್ಲೆಂಡಿನ ಹೊರಗೆ ಇವರ ಮೊದಲನೆಯ ಗೃಹವು ಸ್ಥಾಪನೆಯಾದುದು ನಮ್ಮ ದೇಶದಲ್ಲಿಯೇ. ಬೊಂಬಾಯಿಯ ಅಂಧೇರಿಯಲ್ಲಿ, ೧೯೫೬ರಲ್ಲಿ, ಬೆತ್ಲೆಹೇಮ್ ಎಂಬ ಹೆಸರಿನಿಂದ. ಜಮ್ಷೆಡ್‌ಪುರ ಮೊದಲಾದೆಡೆ ಗೃಹಗಳು ಎದ್ದವು; ಕಾಲಾಂತರದಲ್ಲಿ ನಮ್ಮ ಬೆಂಗಳೂರಿಗೂ ಕೊಡಗಿಗೂ ಬಂದವು. ಎಲ್ಲೆಲ್ಲಿಯೂ ಆಯಾ ಊರಿನವರೇ ಸಮಿತಿ ಮಾಡಿಕೊಂಡು, ಊರಿನ ಹಣದಿಂದ, ಜಾತಿ ಮತ ಕೇಳದೆ ನಡೆಸಬೇಕೆಂಬುದು ಏರ್ಪಾಡು. ಹೊರಗಿನಿಂದ ಬಂದವನು ಬಿತ್ತಿ ಹೋಗಬಹುದು, ನೀರೆರೆಯುವವರು ಊರಿನವರೇ ಆಗಬೇಕೆಂಬುದನ್ನು ಚೆಷೈರರು ಬೇಗನೆ ಅರಿತಿದ್ದರು.

೧೯೫೯ರ ಏಪ್ರಿಲ್ ೫ನೆಯ ತಾರೀಖು ಬೊಂಬಾಯಿಯ ಕಥೋಲಿಕ ಪ್ರಧಾನ ದೇವಾಲಯದಲ್ಲಿ ಇವರು ಸೂ ರೈಡರ್ ಎಂಬಾಕೆಯನ್ನು ವಿವಾಹವಾದರು. ಈ ಮಹಿಳೆಯ ಚರಿತ್ರೆಯೂ ನಮ್ಮ ಹೆಣ್ಣುಮಕ್ಕಳು ಪ್ರತ್ಯೇಕವಾಗಿ ಓದತಕ್ಕದ್ದು. ಯುದ್ಧಕಾಲದಲ್ಲಿ ಹದಿಹರೆಯದವಳಾಗಿಯೇ ಸ್ತ್ರೀಯರ ದಳವನ್ನು ಸೇರಿ, ಶತ್ರುವಿನ ಬೆನ್ನ ಹಿಂದೆ ಗುಟ್ಟಾಗಿ ಹೋಗುವ ಪೋಲೆಂಡಿನ ವೀರರಿಗೆ ಊಟೋಪಚಾರಗಳನ್ನೊದಗಿಸಿ, ಅವರನ್ನು ವಿಮಾನದವರೆಗೆ ಬಿಟ್ಟುಬಂದವಳು. ಅವರಲ್ಲಿ ಎಷ್ಟೋ ಜನರು ಹಿಂದಿರುಗಲಿಲ್ಲ. ಅವರ ನೆನಪಿಗಾಗಿಯೇ ಯುದ್ಧಾನಂತರ ಯೂರೋಪಿನ ಸೆರೆಶಿಬಿರಗಳಿಂದ ಉಳಿದುಬಂದ ರೋಗಿಗಳ ಸೇವೆಗೆ ನಿಂತಳು. ಆ ವರ್ಷವೇ ಈ ದಂಪತಿಗಳು ಡೆಹ್ರಾಡೂನಿನಲ್ಲಿ ರಾಫಾಯೆಲ್ ಎಂಬ ಧಾಮವನ್ನು ಸ್ಥಾಪಿಸಿದರು. ರಾಫಾಯೆಲನು ಗುಣಪಡಿಸುವ ದೇವದೂತನು. ಕುಷ್ಠರೋಗಿಗಳಿಗೂ, ಬುದ್ಧಿ ಬೆಳೆಯದ ಮಕ್ಕಳಿಗೂ, ಕ್ಷಯರೋಗಿಗಳಿಗೂ ಅಲ್ಲಿ ಎಡೆಯಾಯಿತು. ಆಸ್ಟ್ರೇಲಿಯ, ನ್ಯೂಜಿಲೆಂಡ್ ದೇಶಗಳ ಜನರು ಅದಕ್ಕಾಗಿ ಹಣ ಕೂಡಿಸಿ ಕಳುಹಿಸಿದರು.

ಗೃಹಗಳ ವಿಷಯದಲ್ಲಿ ಒಂದು ಕಹಿಯಾದ ಸಂಗತಿಯನ್ನೂ ಹೇಳಬೇಕು. ಮೊದಲನೆಯದಾದ ಲ ಕೋರ್ಟಿನ ನಿವಾಸಿಗಳೇ ಆಡಳಿತದವರ ಮೇಲೆ ತಿರುಗಿ ನಿಂತರು. ಯಾವಾಗ ಮಲಗಬೇಕು, ಯಾವಾಗ ಏಳಬೇಕು, ಯಾರು ನೋಡಬರಬೇಕು ಎಂಬುದನ್ನೆಲ್ಲ ಬೇರೆಯವರು ಗೊತ್ತುಮಾಡಿದರೆ ಅದು ಮನೆಯೆನಿಸದೆಂಬುದು ಅವರ ವಾದ. ಅವರಲ್ಲೊಬ್ಬನಾದ ಪಾಲ್ ಹಂಟ್ ಎಂಬವನು ೧೯೬೬ರಲ್ಲಿ ಅಂಗವಿಕಲರ ಬರಹಗಳನ್ನೇ ಕೂಡಿಸಿ ಒಂದು ಪುಸ್ತಕವನ್ನು ಪ್ರಕಟಿಸಿದನು. ೧೯೭೨ರಲ್ಲಿ ಅಂಗವಿಕಲರನ್ನು ಬೇರೆಯಾಗಿಡುವ ಪದ್ಧತಿಯನ್ನೇ ವಿರೋಧಿಸುವ ಸಂಘವನ್ನು ಕಟ್ಟಿದನು. ಅಂಗವಿಕಲರ ಹಕ್ಕುಗಳ ಚಳವಳಿಯು ಇಂಗ್ಲೆಂಡಿನಲ್ಲಿ ಬೆಳೆದುದು ಒಂದು ಪಾಲಿಗೆ ಈ ದೂರಿನಿಂದಲೇ. ಚೆಷೈರರನ್ನು ಸಂತರೆಂದು ಹೊಗಳುವವರು ಇದನ್ನು ಬಿಟ್ಟುಬಿಡುವರು. ನಮಗಾದರೋ ಇದೇ ಬಹು ಉಪಯುಕ್ತವೆಂದು ತೋರುತ್ತದೆ. ನಡುಮನೆಯ ಮೂಲೆಯಲ್ಲಿ ಮಲಗಿರುವ ಅತ್ತೆಗೆ ಹೊತ್ತಿಗೆ ಸರಿಯಾಗಿ ಗಂಜಿ ಕೊಡುವೆವು. ಇಂದು ಗಂಜಿ ಬೇಕೋ ರೊಟ್ಟಿ ಬೇಕೋ ಎಂದು ಕೇಳುವವರು ಎಷ್ಟು ಮಂದಿ?

ಬಾಂಬಿನ ವಿಷಯದಲ್ಲಿ ಚೆಷೈರರ ಅಭಿಪ್ರಾಯವನ್ನು ಮರೆಮಾಚುವುದು ಸಲ್ಲದು. ನಾಗಸಾಕಿಯನ್ನು ಕಂಡು ಪಶ್ಚಾತ್ತಾಪದಿಂದಲೇ ಇವರು ಸೇವೆಗಿಳಿದರೆಂದು ಜನರು ಕಥೆ ಕಟ್ಟಿದರು. ಕೇಳಲು ಅದು ಇಂಪಾಗಿದೆ. ಆದರೆ ಇವರೇ ಅದನ್ನು ಜೀವಮಾನವೆಲ್ಲ ನಿರಾಕರಿಸಿದರು. ಆ ಬಾಂಬು ಯುದ್ಧವನ್ನು ನಿಲ್ಲಿಸಿ ಇನ್ನೂ ಹೆಚ್ಚಿನ ಸಾವುಗಳನ್ನು ತಪ್ಪಿಸಿತೆಂಬುದೇ ಇವರ ನಂಬಿಕೆ. ೧೯೮೫ರಲ್ಲಿ ಬರೆದ ಪುಸ್ತಕದಲ್ಲಿಯೂ ಅದನ್ನು ಬಿಡಲಿಲ್ಲ. ಶಾಂತಿಯು ಅಸ್ತ್ರಗಳನ್ನು ನಿಂದಿಸುವುದರಿಂದಲ್ಲ, ಬಡತನವನ್ನೂ ಅನ್ಯಾಯವನ್ನೂ ತೊಡೆಯುವುದರಿಂದ ಬರುವುದೆಂದು ವಾದಿಸಿದರು. ಆ ಪಟ್ಟಣದ ತಾಯಂದಿರನ್ನೂ ಮಕ್ಕಳನ್ನೂ ನೆನೆದರೆ ಈ ನಂಬಿಕೆಯ ಮೊದಲ ಭಾಗವನ್ನು ಒಪ್ಪಲು ನಮ್ಮಿಂದಾಗದು. ಆದರೆ ಕೇಳುವವರಿಗೆ ಪ್ರಿಯವಾಗುವ ಸುಳ್ಳನ್ನು ತಮ್ಮ ವಿಷಯದಲ್ಲಿ ಬೆಳೆಯಗೊಡದ ಅವರ ಪ್ರಾಮಾಣಿಕತೆಯನ್ನು ಒಪ್ಪಲೇಬೇಕು.

ಮುಪ್ಪಿನಲ್ಲಿಯೂ ಇವರು ಸುಮ್ಮನಿರಲಿಲ್ಲ. ೧೯೮೧ರಲ್ಲಿ ಆರ್ಡರ್ ಆಫ್ ಮೆರಿಟ್ ಎಂಬ ಗೌರವವೂ ೧೯೯೧ರಲ್ಲಿ ಲಾರ್ಡ್ ಪದವಿಯೂ ದೊರೆತವು. ಇಪ್ಪತ್ತನೆಯ ಶತಮಾನದ ಯುದ್ಧಗಳಲ್ಲಿ ಸತ್ತ ಒಬ್ಬೊಬ್ಬರ ಹೆಸರಿನಲ್ಲಿಯೂ ೫ ಪೌಂಡುಗಳಂತೆ ಕೂಡಿಸಿ, ಬರ, ನೆರೆ, ಭೂಕಂಪಗಳಲ್ಲಿ ನೊಂದವರಿಗೆ ಕೊಡಬೇಕೆಂಬ ನಿಧಿಯನ್ನು ಎಪ್ಪತ್ತು ದಾಟಿದ ಮೇಲೆ ಆರಂಭಿಸಿದರು. ಅದಕ್ಕಾಗಿ ೧೯೯೦ರ ಜುಲೈ ೨೧ನೆಯ ತಾರೀಖು ಬರ್ಲಿನ್ ಪಟ್ಟಣದಲ್ಲಿ ರೋಜರ್ ವಾಟರ್ಸ್ ಎಂಬ ಗಾಯಕನು ದೊಡ್ಡ ಸಂಗೀತ ಸಭೆಯನ್ನು ನಡೆಸಿದನು. ತರುಣರ ಆ ಮಹಾಸಂದಣಿಯ ಮುಂದೆ ಹಳೆಯ ಯುದ್ಧದ ಒಂದು ಸೀಟಿಯನ್ನೂದಿ ಸಭೆಯನ್ನು ಆರಂಭಿಸಿದವರು ಈ ವೃದ್ಧರು. ಯೌವನದಲ್ಲಿ ತಾವು ಬಾಂಬು ಹಾಕಿದ್ದ ದೇಶದ ರಾಜಧಾನಿಯಲ್ಲಿ ಅಂದು ಅವರ ಮನಸ್ಸು ಹೇಗಿತ್ತೋ ಓದುಗರೇ ಊಹಿಸಿಕೊಳ್ಳಲಿ.

೧೯೯೨ರಲ್ಲಿ ಇವರಿಗೆ ನರಗಳು ಒಂದೊಂದಾಗಿ ಬಲಗುಂದಿ ಕೈಕಾಲುಗಳೂ ಕೊನೆಗೆ ನಾಲಿಗೆಯೂ ನಿಲ್ಲುವ, ಮದ್ದಿಲ್ಲದ ವ್ಯಾಧಿಯು ತಗುಲಿತು. ಇದೇ ವ್ಯಾಧಿಯವರನ್ನು ಎಷ್ಟೋ ಮಂದಿಯನ್ನು ಇವರ ಗೃಹಗಳು ವರ್ಷಾನುವರ್ಷ ನೋಡಿಕೊಂಡಿದ್ದುವು. ಮುಂದೇನಾಗುವುದೆಂಬುದನ್ನು ಯಾರೂ ಇವರಿಗೆ ಹೇಳಬೇಕಾಗಿರಲಿಲ್ಲ. ಸಾವಿಗೆ ಸ್ವಲ್ಪ ಮುಂಚೆ ಆರ್ಡರ್ ಆಫ್ ಮೆರಿಟ್ ಪಡೆದ ಇತರರೊಡನೆ ಎಲಿಜಬೆತ್ ರಾಣಿಯನ್ನು ಕಾಣಲು ಹೋದಾಗ ತಮ್ಮ ರೋಗದ ಮಾತನ್ನೇ ಎತ್ತದೆ, ಬೇರೆಯವರಿಗಾಗಿ ಮಾಡಬೇಕಾದ ಕೆಲಸಗಳನ್ನಷ್ಟೇ ಆಡಿದರೆಂದು ರಾಣಿಯು ಆ ವರ್ಷದ ಕ್ರಿಸ್ಮಸ್ ಸಂದೇಶದಲ್ಲಿ ಸ್ಮರಿಸಿಕೊಂಡಳು. ಜುಲೈ ೩೧ನೆಯ ತಾರೀಖು ಸಫಕ್ ಪ್ರಾಂತದ ಕ್ಯಾವೆಂಡಿಷ್ ಗ್ರಾಮದಲ್ಲಿ, ಪತ್ನಿಯು ಸ್ಥಾಪಿಸಿದ್ದ ಗೃಹದಲ್ಲಿಯೇ, ಚೆಷೈರರು ತೀರಿಕೊಂಡರು. ಆ ವೇಳೆಗೆ ಸುಮಾರು ಐವತ್ತು ದೇಶಗಳಲ್ಲಿ ಅವರ ಹೆಸರಿನ ಗೃಹಗಳು ಇನ್ನೂರೈವ್ವತ್ತಕ್ಕೂ ಹೆಚ್ಚಾಗಿದ್ದುವು. ಸೂ ರೈಡರ್‌ರವರು ಎಂಟು ವರ್ಷಗಳ ತರುವಾಯ, ೨೦೦೦ನೆಯ ಇಸವಿ ನವೆಂಬರು ೨ನೆಯ ತಾರೀಖು, ಕಥೋಲಿಕರು ಮೃತರಿಗಾಗಿ ಪ್ರಾರ್ಥಿಸುವ ಸಕಲ ಆತ್ಮಗಳ ದಿನದಂದು, ಕಾಲವಾದರು. ಆರ್ಥರ್ ಡೈಕ್ಸನು ಮಲಗಿದ್ದ ಲ ಕೋರ್ಟ್ ಗೃಹವನ್ನು ೨೦೦೭ರಲ್ಲಿ ಮುಚ್ಚಿದರು.